ಮೂರನೆಯ ನೆಗೆತ

ಮನುಷ್ಯನಿಗೆ ದೇವರು ರೆಕ್ಕೆಗಳನ್ನು ಕೊಡಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಅವನು ಕಂಡುಕೊಂಡ ಉಪಾಯವೇ ನೆಗೆತ. ಹನುಮಂತನು ಕಡಲನ್ನು ದಾಟಿದ್ದು ನೆಗೆತದಿಂದ. ಮಗು ಹೊಸಿಲನ್ನು ದಾಟಲು ಕಲಿತ ಮರುದಿನವೇ ಅದರ ಮೇಲೆ ನಿಂತು ಧುಮುಕಲು ಹವಣಿಸುತ್ತದೆ. ನೆಲವನ್ನು ಬಿಟ್ಟ ಆ ಅರ್ಧ ಕ್ಷಣದ ಸುಖಕ್ಕಾಗಿ ಮಂಡಿ ತರಚಿಕೊಳ್ಳದ ಬಾಲ್ಯವೇ ಇಲ್ಲವೆಂದು ಹೇಳಬಹುದು. ಆದರೆ ಅಂಥ ಒಂದು ಬಾಲ್ಯವನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಅದನ್ನು ಇಂದು ಬರೆಯುವಂತೆ ಮಾಡಿದ್ದು, ಆಶ್ಚರ್ಯವೆನಿಸಬಹುದು, ಒಂದು ವಿಡಿಯೋ ಆಟ.

ಮಾರಿಯೊ ಎಂಬ ಗಿಡ್ಡ ಮೀಸೆಯವನನ್ನು ಮಕ್ಕಳಿರುವ ಮನೆಗಳಲ್ಲಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಅವರ ಕೈಯಲ್ಲಿ ಅವನು ಹುಟ್ಟಿದ್ದು 1981ರಲ್ಲಿ, ‘ಡಾಂಕಿ ಕಾಂಗ್’ ಎಂಬ ಆಟದಲ್ಲಿ. ಆಗ ಅವನಿಗೆ ಮಾರಿಯೊ ಎಂಬ ಹೆಸರೂ ಇರಲಿಲ್ಲ. ‘ಜಂಪ್‌ಮನ್’, ಎಂದರೆ ನೆಗೆಯುವವನು ಎಂದೇ ಕರೆಯುತ್ತಿದ್ದರು. ಕಸುಬಿನಿಂದ ಬಡಗಿ, ಮುಂದೆ ಕೊಳಾಯಿ ಕೆಲಸದವನು. ಅಂದಿನ ಯಂತ್ರಗಳ ಒರಟು ಚುಕ್ಕಿಗಳಲ್ಲಿ ಬಾಯಿಯನ್ನು ಬಿಡಿಸುವುದು ಕಷ್ಟವೆಂದು ಮೀಸೆ ಇಟ್ಟರು. ಕೂದಲು ಬಿಡಿಸುವುದು ಕಷ್ಟವೆಂದು ಟೋಪಿ ಹಾಕಿದರು. ಒಟ್ಟಿನಲ್ಲಿ ನಮ್ಮ ಪೇಟೆಯ ಯಾವುದಾದರೂ ಗಲ್ಲಿಯಲ್ಲಿ ಎದುರಾಗಬಹುದಾದಂಥ ಸಾಧಾರಣ ಗೃಹಸ್ಥ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ, ನೆಗೆಯುವುದು.

1996ರಲ್ಲಿ ಬಂದ ‘ಸೂಪರ್ ಮಾರಿಯೊ 64’ ಎಂಬ ಆಟದಲ್ಲಿ ಈತ ಒಂದು ವಿಶೇಷವನ್ನು ಕಲಿತನು. ಓಡುತ್ತ ಬಂದು ಒಮ್ಮೆ ನೆಗೆಯಬೇಕು. ಕಾಲು ನೆಲಕ್ಕೆ ತಾಗಿದೊಡನೆ ಗುಂಡಿಯನ್ನು ಒತ್ತಿದರೆ ಎರಡನೆಯ ನೆಗೆತ ಮೊದಲನೆಯದಕ್ಕಿಂತ ಎತ್ತರ. ಮತ್ತೆ ತಾಗಿದೊಡನೆ ಒತ್ತಿದರೆ ಮೂರನೆಯದು ಎಲ್ಲಕ್ಕಿಂತ ಎತ್ತರ, ಗಾಳಿಯಲ್ಲಿ ಪಲ್ಟಿ ಸಮೇತ. ನಡುವೆ ತಡೆದಿರೋ, ಎತ್ತರವೆಲ್ಲ ಹೋಯಿತು, ಮತ್ತೆ ಮೊದಲಿನಿಂದ. ಇದರ ಗುಟ್ಟು ಏರುವುದರಲ್ಲಿಲ್ಲ, ಇಳಿಯುವುದರಲ್ಲಿದೆ. ನೆಲ ಮುಟ್ಟುವ ಗಳಿಗೆಯನ್ನು ಬಲ್ಲವನಿಗೆ ಮಾತ್ರ ಮೂರನೆಯ ನೆಗೆತ ಒಲಿಯುತ್ತದೆ.

ಇದು ಯಂತ್ರದಲ್ಲಿ ಹುಟ್ಟಿದ ವಿದ್ಯೆಯೇನೂ ಅಲ್ಲ. ಕ್ರೀಡಾಂಗಣದ ತ್ರಿವಿಧ ಜಿಗಿತ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಇತ್ತು. ಅದರಲ್ಲಿ ಯಾವ ಕಾಲಿನಿಂದ ನೆಗೆದರೋ ಅದೇ ಕಾಲಿನ ಮೇಲೆ ಮೊದಲು ಇಳಿಯಬೇಕು, ಅಂದರೆ ಕುಂಟಬೇಕು. ಎರಡನೆಯದು ಇನ್ನೊಂದು ಕಾಲಿನ ಮೇಲೆ, ಮೂರನೆಯದು ಮರಳಿಗೆ. 1928, 1932, 1936ರ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಇದರ ಚಿನ್ನವನ್ನು ಗೆದ್ದವರು ಜಪಾನೀಯರೇ: ಓಡಾ, ನಂಬು, ತಾಜಿಮಾ. ಅದೇ ನಾಡಿನ ಆಟದ ಗೊಂಬೆಗೂ ಮೂರು ನೆಗೆತ ಸಿದ್ಧಿಸಿತೆಂಬುದನ್ನು ನೆನೆದಾಗ ನನಗೆ ಮೋಜೆನಿಸುತ್ತದೆ.

ನಮ್ಮ ಊರಿಗೂ ಈ ಜಿಗಿತದ ನಂಟುಂಟು. 1948ರ ಲಂಡನ್ ಒಲಿಂಪಿಕ್ಸ್‌ಗೆ ಬೆಂಗಳೂರಿನ ಹತ್ತೊಂಬತ್ತು ವರ್ಷದ ತರುಣ ಹೆನ್ರಿ ರೆಬೆಲ್ಲೊ ತ್ರಿವಿಧ ಜಿಗಿತಕ್ಕೆ ಹೋದರು. ಅಂತಿಮ ಸುತ್ತನ್ನೂ ತಲುಪಿದರು. ಪದಕ ಬಂದೀತೆಂದು ದೇಶ ಕಾದಿತ್ತು. ಆ ಸುತ್ತಿನ ಮೊದಲ ಜಿಗಿತದಲ್ಲಿಯೇ ತೊಡೆಯ ಹಿಂದಿನ ಸ್ನಾಯು ಹರಿಯಿತು, ಅಲ್ಲಿಗೆ ಮುಗಿಯಿತು. ನಮ್ಮ ತಂದೆ ಈ ಕಥೆಯನ್ನು ಎಷ್ಟೋ ಸಲ ಹೇಳುತ್ತಿದ್ದರು. ಹೇಳುವಾಗ ಮಾತ್ರ ನಮ್ಮ ಅಕ್ಕ ಹತ್ತಿರದಲ್ಲಿಲ್ಲವೆಂದು ನೋಡಿಕೊಳ್ಳುತ್ತಿದ್ದರು.

ತಂದೆಯವರು ತರಗುಪೇಟೆಯ ಧಾನ್ಯದ ಮಂಡಿಯೊಂದರಲ್ಲಿ ಗುಮಾಸ್ತರು. ಮಂಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಮನೆ. ಕೆಳಗೆ ರಾಗಿ, ಕಡಲೆ, ತೊಗರಿಯ ಘಾಟು, ಮೇಲೆ ಅಕ್ಕ. 1950ರಲ್ಲಿ, ಮೂರು ವರ್ಷದವಳಾಗಿದ್ದಾಗ ಬಂದ ಜ್ವರ ಅವಳ ಬಲಗಾಲನ್ನು ಕೊಂಡೊಯ್ದಿತ್ತು. ಪೋಲಿಯೊಗೆ ಲಸಿಕೆ ಬಂದದ್ದು ಅಲ್ಲಿಂದ ಐದು ವರ್ಷಗಳ ಮೇಲೆ, ಅದೂ ದೂರದ ಅಮೆರಿಕದಲ್ಲಿ.

ಸಂಜೆ ಗಾಡಿಗಳ ಸದ್ದಡಗಿದ ಮೇಲೆ ಓಣಿಯ ಮಕ್ಕಳು ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ಎರಡು ಕಾಲೂ ನೆಟ್ಟಗಿರುವವರು ಸಂತೋಷಕ್ಕಾಗಿ ಕುಂಟುವ ಆಟವದು. ಅಕ್ಕನೊಬ್ಬಳಿಗೆ ಅದರಲ್ಲಿ ಪಾಲಿರಲಿಲ್ಲ. ಆದರೆ ಅವಳು ಅಳುತ್ತ ಕೂರುವ ಹುಡುಗಿಯಲ್ಲ. ಜಗಲಿಯ ಮೇಲೆ ಕುಳಿತು ತಾನೇ ತೀರ್ಪುಗಾರಳಾದಳು. ಯಾರ ಹೆಬ್ಬೆರಳು ಗೆರೆಗೆ ತಾಗಿತು, ಯಾರ ಎತ್ತಿದ ಕಾಲು ಕದ್ದು ನೆಲ ಮುಟ್ಟಿತು ಎಂಬುದು ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. “ಗೆರೆ ತುಳಿದೆ, ಆಚೆ ಬಾ” ಎಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿಯಿಲ್ಲ. ಹಗಲಿನಲ್ಲಿ ಹಮಾಲರನ್ನು ನೋಡುವಳು. ಪಲ್ಲದ ಮೂಟೆಯನ್ನು ಬೆನ್ನಿಗೇರಿಸಿ ಅವರು ಹಲಗೆಯ ಮೇಲೆ ಇಳಿಯುವಾಗ ನಡುವೆ ನಿಲ್ಲುವುದಿಲ್ಲ. ನಿಂತರೆ ಹಲಗೆ ಒಲೆಯುತ್ತದೆ. ಹಲಗೆ ಕುಗ್ಗಿ ಮೇಲೇಳುವ ಹದಕ್ಕೆ ಸರಿಯಾಗಿ ಹೆಜ್ಜೆ ಇಡುತ್ತಾರೆ. ಅದನ್ನು ನನಗೆ ತೋರಿಸಿಕೊಟ್ಟವಳು ಅವಳೇ.

ಮುಂದೆ ಅಕ್ಕ ಓದಿದಳು. ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತಳಾದಳು. ಮದುವೆಯ ಮಾತನ್ನು ಅವಳೂ ಎತ್ತಲಿಲ್ಲ, ಬಂದವರೂ ಮುಂದುವರಿಸಲಿಲ್ಲ. ನಾವು ಚಾಮರಾಜಪೇಟೆಗೆ ಬಂದಾಗ ನಮ್ಮೊಡನೆಯೇ ಬಂದಳು. ಭಾರತ ಪೋಲಿಯೊದಿಂದ ಮುಕ್ತವಾಯಿತೆಂದು 2014ರ ಮಾರ್ಚಿಯಲ್ಲಿ ಪ್ರಕಟವಾದಾಗ ಆ ಪತ್ರಿಕೆಯನ್ನು ಎರಡು ಸಲ ಓದಿ, ಮಡಿಸಿ, ತನ್ನ ಟ್ರಂಕಿನಲ್ಲಿಟ್ಟಳು. ಮಾತೇನೂ ಆಡಲಿಲ್ಲ.

ಹನ್ನೆರಡು ವರ್ಷದ ನನ್ನ ಮೊಮ್ಮಗನ ಬಳಿ ಈಗ ‘ಸೂಪರ್ ಮಾರಿಯೊ ಒಡಿಸ್ಸಿ’ ಎಂಬ, 2017ರಲ್ಲಿ ಬಂದ ಆಟವಿದೆ. ಮೂರು ನೆಗೆತದ ವಿದ್ಯೆ ಅದರಲ್ಲಿಯೂ ಉಂಟು. ಮಳೆಗಾಲದ ಒಂದು ಮಧ್ಯಾಹ್ನ ಅವನು ಅದರಲ್ಲಿ ಮತ್ತೆ ಮತ್ತೆ ಸೋಲುತ್ತಿದ್ದನು. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ಅಕ್ಕ, “ನೀನು ತಡ ಮಾಡ್ತಿದೀಯ ಮಗು. ಅವನ ಕಾಲು ಆಗಲೇ ಊರಿಬಿಟ್ಟಿರುತ್ತೆ” ಎಂದಳು.

“ಹಾಗಾದ್ರೆ ನೀವೇ ಆಡಿ ದೊಡ್ಡಜ್ಜಿ” ಎಂದು ಹುಡುಗ ಅದನ್ನು ಅವಳ ಕೈಗೆ ಕೊಟ್ಟುಬಿಟ್ಟನು.

ನನ್ನ ಎದೆ ಡವಗುಟ್ಟಿತು. ಎಪ್ಪತ್ತು ವರ್ಷ ಯಾರೂ ಅವಳ ಮುಂದೆ ಎತ್ತದ ಮಾತನ್ನು ಹುಡುಗ ಅರಿಯದೆ ಅವಳ ಮಡಿಲಿಗೇ ಹಾಕಿದ್ದನು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಮೊದಲ ದಿನ ಗೊಂಬೆ ಹಳ್ಳಕ್ಕೆ ಬಿದ್ದದ್ದೇ ಬಿದ್ದದ್ದು. ಈ ಆಟದಲ್ಲಿ ಪ್ರತಿ ಸಾವಿಗೂ ಹತ್ತು ನಾಣ್ಯ ಖರ್ಚು, ಬ್ಯಾಂಕಿನವಳು ಸಹಿಸುವಳೇ? “ಸಾಯೋದಕ್ಕೂ ದಂಡವೇ!” ಎಂದು ಗೊಣಗಿದಳು. ಒಂದು ವಾರದೊಳಗೆ ಎಡಗೈ ಬಲಗೈಗಳ ಹೊಂದಾಣಿಕೆ ಬಂತು. ಒಂದು, ಎರಡು, ಮೂರು. ಗಿಡ್ಡ ಮೀಸೆಯವನು ಆಕಾಶದಲ್ಲಿ ಪಲ್ಟಿ ಹೊಡೆದು ಗೋಡೆಯ ಆಚೆಗೆ ಇಳಿದನು. ಹುಡುಗ ಕೇಕೆ ಹಾಕಿದನು. ನಾನು ಕಿಟಕಿಯ ಕಡೆಗೆ ತಿರುಗಿಕೊಂಡೆನು.

“ನಿಮಗೆ ಹೇಗೆ ಗೊತ್ತಾಗುತ್ತೆ ದೊಡ್ಡಜ್ಜಿ, ಯಾವಾಗ ಒತ್ತಬೇಕು ಅಂತ?”

“ನೀನು ಅವನ ತಲೆ ನೋಡ್ತೀಯ. ನಾನು ಕಾಲು ನೋಡ್ತೀನಿ” ಎಂದಳು ಅಕ್ಕ.

ಆ ರಾತ್ರಿ ಕೇಳಬಾರದೆಂದುಕೊಂಡೇ ಕೇಳಿದೆನು, “ಮನಸ್ಸಿಗೆ ನೋವಾಗಲಿಲ್ಲವೇನೇ?” ಅಕ್ಕ ಕನ್ನಡಕವನ್ನು ತೆಗೆದಿಟ್ಟಳು. “ಚಿಕ್ಕವಳಿದ್ದಾಗ ಆಗ್ತಿತ್ತು. ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತಲ್ಲ. ನನ್ನನ್ನು ಕಂಡರೆ ಅಪ್ಪ ಮಾತು ನಿಲ್ಲಿಸಿಬಿಡ್ತಿದ್ದರಲ್ಲ, ಅದಕ್ಕೆ. ರೆಬೆಲ್ಲೊ ಕಥೆ ನನಗೂ ಗೊತ್ತು ಕಣೋ. ಬಾಗಿಲ ಹಿಂದೆ ನಿಂತು ಕೇಳಿದೀನಿ. ಈ ಹುಡುಗ ನೋಡು, ಮುಚ್ಚಿಡಲಿಲ್ಲ, ಆಡಿ ಅಂದ.”

ಗೊಂಬೆಯ ನೆಗೆತ ಕಾಲಿನ ನೆಗೆತಕ್ಕೆ ಸಮವೆಂದು ನಾನು ಹೇಳಲಾರೆನು. ಹತ್ತು ನಾಣ್ಯ ಕೊಟ್ಟು ಮತ್ತೆ ಏಳುವ ಸೌಕರ್ಯ ರೆಬೆಲ್ಲೊ ಅವರಿಗಿರಲಿಲ್ಲ, ಅಕ್ಕನಿಗೂ ಇರಲಿಲ್ಲ. ಆದರೆ ನೋಡಿ ನೋಡಿ ಅವಳು ಗಳಿಸಿದ್ದ ಅರಿವು ನಿಜವಾದದ್ದು. ಇಷ್ಟು ವರ್ಷ ಅದನ್ನು ಕೇಳುವವರಿರಲಿಲ್ಲ, ಅಷ್ಟೆ. ಪ್ರೀತಿಯಿಂದಲೇ ನಾವು ಒಬ್ಬರ ಮುಂದೆ ಮುಚ್ಚಿಡುವ ಮಾತು ಅವರನ್ನು ಎಷ್ಟು ಒಂಟಿಯಾಗಿಸುತ್ತದೆಂಬುದನ್ನು ಆ ರಾತ್ರಿ ತಿಳಿದೆನು.

ಹುಡುಗ ಈಗ ಶಾಲೆಯ ಕ್ರೀಡಾದಿನದ ತ್ರಿವಿಧ ಜಿಗಿತಕ್ಕೆ ಹೆಸರು ಕೊಟ್ಟಿದ್ದಾನೆ. ಸಂಜೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡುತ್ತಾನೆ. ಅಕ್ಕ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು ಕೂರುತ್ತಾಳೆ. ನಿನ್ನೆ ಅವನು ಬಹಳ ದೂರ ನೆಗೆದನು. ನಾನು ಚಪ್ಪಾಳೆ ತಟ್ಟಿದೆನು.

“ಗೆರೆ ತುಳಿದೆ” ಎಂದಳು ಅಕ್ಕ. “ಇನ್ನೊಂದು ಸಲ ಬಾ.”