ಯಾವ ಕಂಪನಿ ರೂಟರ್ ಒಳ್ಳೇದು ಅಂತ ಕೇಳಿದವರಿಗೆ

ಮೊನ್ನೆ ಸೊಸೈಟಿಲಿ ಗೊಬ್ಬರಕ್ಕೆ ನಿಂತಾಗ ಮೂವರು ಒಂದೇ ಪ್ರಶ್ನೆ ಕೇಳಿದ್ರು: "ನಿಮ್ಮನೇಲಿ ಈಗ ನೆಟ್ ನಿಲ್ತಾ ಇದೆಯಂತಲ್ಲ, ಯಾವ ಕಂಪನಿ ರೂಟರ್ ಹಾಕ್ಸಿದ್ರಿ?" ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದ್ರೆ ಹಾಗೆ ಹೆಸರು ಕೇಳ್ಕೊಂಡು ಹೋಗಿಯೇ ನಾನು ಎರಡು ವರ್ಷದಲ್ಲಿ ಮೂರು ರೂಟರ್ ತಂದೆ. ಅದಕ್ಕೇ ಈ ಸಲ ಅಡಿಕೆ ಬಿಟ್ಟು ಇದನ್ನೇ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ.

2020ರಲ್ಲಿ ಲಾಕ್‌ಡೌನ್ ಆದಾಗ ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ಒಂದೆರಡು ತಿಂಗಳಿಗೆ ಅಂತ ಬಂದವನು ಇಲ್ಲೇ ಉಳಿದ. ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು, ಆಮೇಲೆ ಮಾಳಿಗೆ ಮೇಲೆ ಕಂಪ್ಯೂಟರ್ ಕೆಲಸ. ನಮ್ಮ ಕೇರಿಲಿ ಏಳು ಮನೆ. ಅದರಲ್ಲಿ ಐದು ಮನೇಲಿ ಈಗ ಅರವತ್ತು ದಾಟಿದವರು ಮಾತ್ರ ಇರೋದು. ನಮ್ಮನೇಲಿ ಮಾತ್ರ ರಾತ್ರಿ ಊಟಕ್ಕೆ ನಾಲ್ಕು ಎಲೆ ಬೀಳ್ತಿತ್ತು. ಆಫೀಸಿನವರು ವಾಪಸ್ ಕರೆದಾಗಲೂ ಅವನು ಹೇಗೋ ಒಪ್ಪಿಸಿದ್ದ. ಅವರದ್ದು ಒಂದೇ ಷರತ್ತು, ನೆಟ್ ನಿಲ್ಲಬೇಕು.

ನಿಲ್ಲಲಿಲ್ಲ. ಹಗಲು ಸರಿ ಇರ್ತಿತ್ತು, ಸಂಜೆ ಆದ್ರೆ ಶುರು. ಟಿವಿ ಹಾಕಿ, ಸೊಸೆ ಫೋನ್ ಹಿಡಿದು, ಮಗ ಮೀಟಿಂಗಿಗೆ ಕೂತ ಅಂದ್ರೆ ಹತ್ತು ನಿಮಿಷಕ್ಕೆ ರೂಟರ್ ದೀಪ ಎಲ್ಲಾ ಒಮ್ಮೆ ಆರಿ ಮತ್ತೆ ಹತ್ತೋದು. ಮೊದಲನೇದು ನೆಟ್ ಹಾಕಿದವರೇ ಕೊಟ್ಟದ್ದು. ಎರಡನೇದು ಪೇಟೆ ಅಂಗಡಿದು. ಮೂರನೇದಕ್ಕೆ ಇನ್ನೂ ಜಾಸ್ತಿ ದುಡ್ಡು ಕೊಟ್ಟೆ. ಮೂರೂ ಬೇರೆ ಬೇರೆ ಕಂಪನಿ, ರೋಗ ಒಂದೇ. ಮೂರನೇದನ್ನ ತಗೊಂಡು ಹೋಗಿ ಅಂಗಡಿಯವನಿಗೆ ಹತ್ತು ಜನರ ಎದುರು "ನಿನ್ನ ಮಾಲೆಲ್ಲ ಡೂಪ್ಲಿಕೇಟು" ಅಂದುಬಿಟ್ಟೆ. ಪಾಪ, ಅವನು "ಅಣ್ಣಾ, ಇಲ್ಲಿ ಹಾಕಿ ನೋಡ್ತೀನಿ" ಅಂದ. ಅಲ್ಲಿ ಎರಡು ತಾಸು ಓಡಿದ್ರೂ ಒಂದು ಸಲವೂ ಆರಲಿಲ್ಲ. ನಾನು ಅದನ್ನೂ ನಂಬಲಿಲ್ಲ.

ಆಷಾಢದಲ್ಲಿ ಒಂದು ದಿನ ದೊಡ್ಡ ಮೀಟಿಂಗ್ ಮಧ್ಯೆ ಮೂರು ಸಲ ಹೋಯ್ತು. ಮರುವಾರ ಮಗ, ಸೊಸೆ ಸಾಮಾನು ಕಟ್ಟಿದ್ರು. ಯಾರೂ ಜಗಳ ಆಡಲಿಲ್ಲ. ಬಸ್ ಸ್ಟಾಪಿಗೆ ಬಿಟ್ಟು ಬಂದ ಮೇಲೆ ನನ್ನಾಕೆ ಮಾಳಿಗೆ ಗುಡಿಸಿ ಬಾಗಿಲು ಹಾಕಿದ್ಲು.

ಚೌತಿಗೆ ಬಂದಾಗ ಮಗ ಸುಮ್ಮನೆ ಕೂರಲಾರದೆ ರೂಟರ್ ಬಿಚ್ಚಿದ. ಬೇರೆ ಕರೆಂಟಲ್ಲಿ ನೋಡೋಣ ಅಂತ ನಮ್ಮ ಬ್ಯಾಟರಿ ಔಷಧಿ ಪಂಪಿನ 12 ವೋಲ್ಟ್ ಬ್ಯಾಟರಿಗೆ ಒಂದು ಪಿನ್ ವಯರ್ ಜೋಡಿಸಿ ಕೊಟ್ಟ. ಇಡೀ ಸಂಜೆ ಎಲ್ಲರೂ ಬಳಸಿದ್ವಿ, ಒಂದು ಸಲವೂ ಆರಲಿಲ್ಲ. ಆಮೇಲೆ ಕೇಳಿದ:

"ಅಪ್ಪಯ್ಯ, ಈ ಅಡಾಪ್ಟರ್ ಯಾವುದರದು?"

"ಮೊದಲನೇ ರೂಟರಿಂದು. ಪಿನ್ ಸರಿಯಾಗಿ ಕೂತ್ಕೊಳ್ತಲ್ಲ ಮಾರಾಯ."

ಗೋಡೆ ಒಳಗೆ ಪೈಪ್ ಹಾಕಿ ಅದರ ವಯರ್ ಚಂದ ಮಾಡಿ ಎಳೆಸಿದ್ದೆ. ಹೊಸ ರೂಟರ್ ಬಂದಾಗಲೆಲ್ಲ ಹಳೇ ಪಿನ್ನನ್ನೇ ಚುಚ್ಚಿ, ಹೊಸ ಅಡಾಪ್ಟರ್‌ಗಳನ್ನ ಡಬ್ಬಿ ಸಮೇತ ಅಟ್ಟಕ್ಕೆ ಹಾಕಿದ್ದೆ. ಹಳೇದರ ಮೇಲೆ ಬರೆದದ್ದು 12 ವೋಲ್ಟ್, 0.5 ಆಂಪ್. ಹೊಸದು ಕೇಳ್ತಾ ಇದ್ದದ್ದು 12 ವೋಲ್ಟ್, 1.5 ಆಂಪ್. ಒಬ್ಬರೇ ಬಳಸುವಾಗ ಹೇಗೋ ಸಾಕಾಗ್ತಿತ್ತು. ಮೂರು ಜನ ಒಟ್ಟಿಗೆ ಎಳೆದಾಗ ಸಾಲದೆ ರೂಟರ್ ಬಿದ್ದು ಏಳ್ತಿತ್ತು. ಮಗ ಏನೂ ಅನ್ನಲಿಲ್ಲ, ಎದ್ದು ಸ್ನಾನಕ್ಕೆ ಹೋದ. ನನಗೆ ಅದಕ್ಕಿಂತ ನಾಲ್ಕು ಬೈದಿದ್ರೆ ಚೆನ್ನಾಗಿತ್ತು.

ಈಗ ಕಂಪನಿ ವಿಷಯ. ಆ ಮೂರರ ಹೆಸರು ಹೇಳಲ್ಲ, ತಪ್ಪು ಅವುಗಳದ್ದಲ್ಲ. ಆಮೇಲೆ ಓದಿ, ಮಗನ ಹತ್ರ ಕೇಳಿ ತಿಳ್ಕೊಂಡದ್ದು ಇಷ್ಟು.

ಟೆಂಡಾ: ಕಡಿಮೆ ಬೆಲೆ, ಹೊಂದಿಸೋದು ಸುಲಭ. ಒಂದು ಫೋನು, ಒಂದು ಟಿವಿ ಇರೋ ಮನೆಗೆ ಸಾಕು.

ಟಿಪಿ-ಲಿಂಕ್: ಪೇಟೇಲಿ ಎಲ್ಲಾ ಕಡೆ ಸಿಗುತ್ತೆ, ಫೋನಿನ ಆಪಲ್ಲೇ ಹೊಂದಿಸಬಹುದು. ಆರ್ಚರ್ ಸಿ6 ತರದ ಮಾದರಿಗಳಲ್ಲಿ ದಿನಾ ಇಂಥಾ ಹೊತ್ತಿಗೆ ತಾನೇ ಆರಿ ಹತ್ತು ಅಂತ ಹೇಳಿಡುವ ಸೌಲಭ್ಯ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಇಟ್ಟರೆ ಯಾರಿಗೂ ತೊಂದರೆ ಇಲ್ಲ.

ಏಸಸ್: ತೈವಾನ್ ಕಂಪನಿ, ಬೆಲೆ ಜಾಸ್ತಿ. ಅದರದ್ದೇ ಎರಡು ಬೇರೆ ಬೇರೆ ಮಾದರಿಯನ್ನ ಸೇರಿಸಿ ಮನೆಯಿಡೀ ಒಂದೇ ವೈಫೈ ಮಾಡುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ. ತೊಟ್ಟಿಮನೆ ಇರೋರಿಗೆ, ಅಂಗಳ ದಾಟಿ ಬೇಕಾದೋರಿಗೆ ಉಪಯೋಗ.

ಮೈಕ್ರೋಟಿಕ್: ಯುರೋಪಿನ ಲಾಟ್ವಿಯಾ ದೇಶದ್ದು. ಒಂದು ವಿಳಾಸ ಕೊಟ್ಟಿಟ್ಟರೆ, ಅಲ್ಲಿಂದ ಉತ್ತರ ನಿಂತಾಗ ತಾನೇ ರೀಸ್ಟಾರ್ಟ್ ಆಗುತ್ತೆ. ಹಲವು ಮಾದರಿಗಳು 12ರಿಂದ 24 ವೋಲ್ಟ್ ಒಳಗೆ ಏನು ಕೊಟ್ಟರೂ ಓಡ್ತವೆ, ಹಾಗಾಗಿ ಸೋಲಾರ್ ಬ್ಯಾಟರಿಗೆ ಕೊಡೋರಿಗೆ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಹೊಂದಿಸೋದು ನನ್ನಂಥವರ ಕೈಲಿ ಆಗಲ್ಲ, ಗೊತ್ತಿರೋರು ಬೇಕು.

ಯಾವ ಕಂಪನಿ ಆದ್ರೂ ಮಾದರಿ ನೋಡಿ ತಗೊಳ್ಳಿ. ಒಂದೇ ಕಂಪನೀಲಿ ಸಾವಿರದ್ದೂ ಇದೆ, ಹತ್ತು ಸಾವಿರದ್ದೂ ಇದೆ. ನಮ್ಮ ಕಡೆಗೆ ಕಂಪನಿಗಿಂತ ಮುಖ್ಯ ಅಂತ ನನಗೆ ಕಂಡದ್ದು ಇವು.

ಒಂದು, ಅಡಾಪ್ಟರ್. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಆಂಪ್ ಕೇಳಿದ್ದಕ್ಕಿಂತ ಜಾಸ್ತಿ ಇದ್ರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

ಎರಡು, ಕರೆಂಟ್ ಹೋದಾಗ. ಚಿಕ್ಕ ಯುಪಿಎಸ್ ಮೇಲೆ 8000 ಎಂಎಎಚ್ ಅಂತ ನೋಡಿ ದಿನವಿಡೀ ಬರುತ್ತೆ ಅಂದ್ಕೋಬೇಡಿ. ಆ ಲೆಕ್ಕ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್ಲಿಂದು, ಅಂದ್ರೆ 30 ವ್ಯಾಟ್-ಅವರ್ ಹತ್ರ. ಫೈಬರ್ ಡಬ್ಬಿ, ರೂಟರ್ ಸೇರಿ 15 ವ್ಯಾಟ್ ತಿಂದ್ರೆ ಹೆಚ್ಚೆಂದ್ರೆ ಎರಡು ತಾಸು. ಫೈಬರ್ ಡಬ್ಬಿಗೂ ಕರೆಂಟ್ ಬೇಕು ಅನ್ನೋದನ್ನ ಮರೀಬೇಡಿ.

ಮೂರು, ಸಿಡಿಲು. ಫೈಬರ್ ಒಳಗಿನ ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ. ಆದ್ರೆ ಕಂಬದಿಂದ ಬರೋ ಕೇಬಲಲ್ಲಿ ಆಧಾರಕ್ಕೆ ಲೋಹದ ತಂತಿ ಇದ್ದರೆ ಅದರಲ್ಲಿ ಬರಬಹುದು. ಮನೆಯಿಂದ ಪಂಪ್‌ಹೌಸಿಗೆ ಎಳೆದ ತಾಮ್ರದ ಲ್ಯಾನ್ ವಯರಲ್ಲೂ ಬರುತ್ತೆ. ಗುಡುಗು ಶುರುವಾಗೋ ಮೊದಲೇ ಪ್ಲಗ್ ಜೊತೆಗೆ ಲ್ಯಾನ್ ವಯರನ್ನೂ ಕಿತ್ತಿಡಿ.

ನಾಲ್ಕು, ಜಾಗ. ದೂರಕ್ಕೆ, ಗೋಡೆ ದಾಟೋದಕ್ಕೆ 2.4 ಗಿಗಾಹರ್ಟ್ಸ್. ವೇಗಕ್ಕೆ 5 ಗಿಗಾಹರ್ಟ್ಸ್, ಆದ್ರೆ ಅದು ನಮ್ಮ ಜಂಬಿಟ್ಟಿಗೆ ಗೋಡೆ ಮುಂದೆ ಸೋಲುತ್ತೆ. ಒದ್ದೆ ಎಲೆ ಎರಡಕ್ಕೂ ಅಡ್ಡಿ. ಮಳೆಗಾಲದಲ್ಲಿ ತೋಟದ ಕಡೆ ವೈಫೈ ಸಿಗದಿದ್ರೆ ರೂಟರ್ ಬೈಬೇಡಿ.

ಐದು, ಫೈಬರ್ ಡಬ್ಬಿ ಮೇಲೆ ಎಲ್‌ಒಎಸ್ ಅನ್ನೋ ಕೆಂಪು ದೀಪ ಹತ್ತಿದ್ರೆ ಫೈಬರಲ್ಲಿ ಬೆಳಕು ಬರ್ತಾ ಇಲ್ಲ ಅಂತ. ದಾರೀಲಿ ಮರ ಬಿದ್ದು ತುಂಡಾಗಿರಬಹುದು. ಆಗ ಯಾವ ರೂಟರ್ ತಂದ್ರೂ ವ್ಯರ್ಥ, ಲೈನಿನವರಿಗೆ ಫೋನ್ ಮಾಡಿ.

ಅಂಗಡಿಯವನಿಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟು ತಪ್ಪಾಯ್ತು ಮಾರಾಯ ಅಂದು ಬಂದೆ. ಅವನು ನಕ್ಕ, ನನಗೆ ನಗು ಬರಲಿಲ್ಲ. ನಾವು ಕೊಳೆ ಬಂದಾಗಲೂ ಹೀಗೇ ಅಲ್ವಾ ಮಾಡೋದು? ಮೈಲುತುತ್ತ ಯಾವ ಕಂಪನಿದು ಅಂತ ಬೈತೀವಿ. ಒಂದು ಕೆಜಿ ತುತ್ತಕ್ಕೆ ಹಾಕಿದ ಒಂದು ಕೆಜಿ ಸುಣ್ಣ ಹಳೇದಾಗಿ ಸತ್ತುಹೋಗಿತ್ತಾ ಅಂತ ನೋಡಲ್ಲ.

ಆ ಚೌತಿಯಾಗಿ ಇನ್ನೊಂದು ಮಳೆಗಾಲ ಬಂತು. ಮೂರನೇ ರೂಟರ್ ತನ್ನದೇ ಅಡಾಪ್ಟರಲ್ಲಿ ಓಡ್ತಾ ಇದೆ. ಮಗ ಈಗ ತಿಂಗಳಿಗೆ ಹತ್ತು ದಿನ ಇಲ್ಲಿಂದ ಕೆಲಸ ಮಾಡ್ತಾನೆ. ಬಾಕಿ ಇಪ್ಪತ್ತು ದಿನಕ್ಕೆ ಬೆಂಗಳೂರಲ್ಲಿ ಮನೆ ಬಾಡಿಗೆ ಹಿಡಿದಾಗಿದೆ, ಸೊಸೆಗೂ ಅಲ್ಲೇ ಕೆಲಸ ಸಿಕ್ಕಿದೆ. ಅದು ಇನ್ನು ತಿರುಗಿ ಬರೋ ವಿಷಯ ಅಲ್ಲ.

ನಿಮ್ಮನೇಲಿ ಮಗನೋ ಮಗಳೋ ನೆಟ್ ನಿಲ್ಲಲ್ಲ ಅಂತ ಚೀಲ ಕಟ್ಟೋ ಮಾತಾಡ್ತಿದ್ರೆ, ಹೊಸ ರೂಟರಿಗೆ ದುಡ್ಡು ಎಣಿಸೋ ಮೊದಲು ಕನ್ನಡಕ ಹಾಕ್ಕೊಂಡು ಅಡಾಪ್ಟರ್ ಮೇಲೆ ಬರೆದದ್ದನ್ನ ಒಮ್ಮೆ ಓದಿ. ರೂಟರ್ ಅಡಿಲಿ ಬರೆದದ್ದನ್ನೂ ಓದಿ. ಎರಡೂ ತಾಳೆ ಆಗುತ್ತಾ ನೋಡಿ.