ನಾಳೆ ಬಾ

ವರದಿ ಬರೆಯಲು ಕೂತವನ ಬೆರಳು ತನಗೇ ಗೊತ್ತಿಲ್ಲದ ಹಾಗೆ ಯೂಟ್ಯೂಬಿನ ಮೊದಲಕ್ಷರ ಒತ್ತುತ್ತದೆ. ಉಳಿದದ್ದನ್ನು ಬ್ರೌಸರೇ ಪೂರೈಸಿಕೊಡುತ್ತದೆ. ಇಷ್ಟು ವಿಧೇಯ ಆಳು ಹಿಂದಿನ ಜಮೀನ್ದಾರರಿಗೂ ಸಿಕ್ಕಿರಲಾರ. ತೊಂದರೆಯಿರುವುದೇ ಆ ವಿಧೇಯತೆಯಲ್ಲಿ.

ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರಗಳ ರಾಂಡಲ್ ಮನ್ರೋ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹಿಡಿದ ಕೆಲಸ ಮುಗಿದರೆ, ಇಲ್ಲವೇ ಬೇಜಾರು ಬಂದರೆ, ಕಂಪ್ಯೂಟರನ್ನೇ ಆರಿಸಿಬಿಡುವುದು. ಆ ಕ್ಷಣವೇ ಮತ್ತೆ ಹಾಕಬಹುದು, ಯಾರ ಅಡ್ಡಿಯೂ ಇಲ್ಲ. ಅದು ಎದ್ದು ಕಣ್ಣುಜ್ಜಿಕೊಳ್ಳುವವರೆಗೆ ಕಾಯಬೇಕು, ಅಷ್ಟೆ. ಕಾಯಬೇಕಲ್ಲಾ ಎಂದಾಗ ಚಪಲ ತಾನೇ ಇಳಿಯುತ್ತದೆ.

1990ರ ದಶಕದಲ್ಲಿ ನಮ್ಮ ಊರುಗಳ ಮನೆಬಾಗಿಲ ಮೇಲೆ ದೆವ್ವ ಓದಲೆಂದು ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಥೇಟ್ ಅದೇ ತಂತ್ರ. ದೆವ್ವ ಬರುವುದು, ಓದುವುದು, ಹೋಗುವುದು, ಮರುದಿನ ಬಂದು ಮತ್ತೆ ಅದನ್ನೇ ಓದುವುದು. (ಕನ್ನಡ ಓದಲು ಬಾರದ ದೆವ್ವದ ಗತಿಯೇನೆಂದು ಯಾರೂ ಕೇಳಲಿಲ್ಲ.) ಬಾಗಿಲಿಗೆ ಅಗುಳಿ ಜಡಿದರೆ ದೆವ್ವಕ್ಕೂ ಹಠ ಬಂದೀತು, ಮರ್ಯಾದೆಯಿಂದ ಮುಂದೂಡಿದರೆ ತಕರಾರಿಲ್ಲ.

ಅಗುಳಿ ಜಡಿದವರೂ ಇದ್ದಾರೆನ್ನಿ. ಕಾದಂಬರಿಕಾರ ಜೋನಥನ್ ಫ್ರಾನ್ಜೆನ್ ಲ್ಯಾಪ್‌ಟಾಪಿನ ಇಂಟರ್ನೆಟ್ ಕಿಂಡಿಗೆ ಅಂಟು ಹಾಕಿ ಕೇಬಲ್ ತೂರಿಸಿ, ಅದರ ತಲೆಯನ್ನು ಅಲ್ಲೇ ಕುಯ್ದುಬಿಟ್ಟರು. 1830ರಲ್ಲಿ ವಿಕ್ಟರ್ ಹ್ಯೂಗೋ ಬಟ್ಟೆಬರೆಗಳಿಗೆಲ್ಲ ಬೀಗ ಹಾಕಿಸಿ, ಬರೀ ಉಣ್ಣೆಯ ಹೊದಿಕೆಯಲ್ಲಿ ಕೂತು ‘ನೋತ್ರ್ ದಾಮ್’ ಕಾದಂಬರಿ ಬರೆದನೆಂದು ಅವನ ಹೆಂಡತಿಯೇ ಹೇಳಿದ್ದಾಳೆ. ನಮಗೆ ಅದೂ ಉಪಯೋಗವಿಲ್ಲ. ಹೊದಿಕೆಯೊಳಗೂ ಫೋನಿಗೆ ಸಿಗ್ನಲ್ ಬರುತ್ತದೆ.

ನನ್ನ ಮಟ್ಟಿಗೆ ಸೋಮಾರಿತನವನ್ನು ಸೋಮಾರಿತನದ ಮೇಲೇ ಛೂ ಬಿಡುವುದು ಜಾಣತನ. ಮೊದಲೆಲ್ಲ ಪುಟದ ಬುಡದಲ್ಲಿ ‘ಮುಂದಿನ ಪುಟ’ ಎಂಬ ಗುಂಡಿಯಿರುತ್ತಿತ್ತು. ಅದನ್ನು ಯಾರು ಒತ್ತುತ್ತಾರೆ ಎಂಬ ಆಲಸ್ಯದಿಂದಲೇ ಎಷ್ಟೋ ಜನ ಕೆಲಸಕ್ಕೆ ಮರಳುತ್ತಿದ್ದರು. 2006ರಲ್ಲಿ ಏಜಾ ರಾಸ್ಕಿನ್ ಕೊನೆಯಿಲ್ಲದ ಸ್ಕ್ರೋಲ್ ಕಂಡುಹಿಡಿದು ಆ ಗುಂಡಿಯನ್ನೂ ತೆಗೆಸಿದರು. ಆಮೇಲೆ ಅವರೇ ಪಶ್ಚಾತ್ತಾಪಪಟ್ಟರು, ಆದರೆ ನಾವಾಗಲೇ ಬಹಳ ಕೆಳಕ್ಕೆ ಜಾರಿದ್ದೆವು.

ಗೆಳೆಯನೊಬ್ಬ ಪ್ರತಿ ಸಲ ಫೇಸ್‌ಬುಕ್ಕಿನಿಂದ ಲಾಗ್‌ಔಟ್ ಆಗುತ್ತಾನೆ. ನೆನಪಿಟ್ಟುಕೊಳ್ಳಲಾಗದ ಉದ್ದದ ಪಾಸ್‌ವರ್ಡು ಒಂದು ನೋಟ್‌ಬುಕ್ಕಿನಲ್ಲಿದೆ. ನೋಟ್‌ಬುಕ್ಕು ಅಡುಗೆಮನೆಯ ಅಟ್ಟದ ಮೇಲಿದೆ. ಸ್ಟೂಲು ಹತ್ತಿದರೆ ಸಾಕು, ಅವರಮ್ಮ ಶುರು: “ಹೇಗೂ ಹತ್ತಿದೀಯಲ್ಲೋ, ಆ ಕಡಲೆಬೇಳೆ ಡಬ್ಬ ಇಳಿಸು, ಹಾಗೇ ಜೇಡರ ಬಲೇನೂ ತೆಗೆದ್ಬಿಡು.” ಈಗವನು ಫೇಸ್‌ಬುಕ್ ನೋಡುವುದು ಹಬ್ಬಕ್ಕೊಮ್ಮೆ, ಮನೆ ಸಾರಿಸುವಾಗ.