ರಜೆ ಹಾಕದ ಆಟಗಾರ

ಬೇಸ್‌ಬಾಲ್ ನಮ್ಮ ಕಡೆಯ ಆಟವಲ್ಲ. ಆದರೂ ಅಮೆರಿಕದ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ಯಾಲ್ ರಿಪ್ಕನ್‌ನ ಕಥೆ ಕೇಳಿದರೆ ಹೆಂಗಸರಾದ ನಮಗೆ ಒಳಗೊಳಗೇ ನಗು ಬಂದೀತು. ಈ ಮಹಾರಾಯ 1982ರ ಮೇ 30ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದ. ಬಹುಕಾಲ ನಿಂತದ್ದು ಶಾರ್ಟ್‌ಸ್ಟಾಪ್‌ನಲ್ಲಿ. ಎರಡನೆಯ, ಮೂರನೆಯ ಬೇಸ್‌ಗಳ ನಡುವಿನ ಆ ಜಾಗದಲ್ಲಿ ಮೈಮರೆಯುವಂತಿಲ್ಲ.

ಪಳಗಿದ್ದೂ ಹಾಗೆಯೇ. 1981ರಲ್ಲಿ, ಇನ್ನೂ ಕೆಳಹಂತದ ಲೀಗಿನಲ್ಲಿದ್ದಾಗ, ಪಾಟಕೆಟ್ ಊರಿನಲ್ಲಿ ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಪಂದ್ಯ 32 ಆದರೂ ಮುಗಿಯದೆ ಬೆಳಗಿನ ಜಾವ ನಾಲ್ಕು ದಾಟಿತು. ಆ ಚಳಿಯಲ್ಲಿ ಉಳಿದ ಪ್ರೇಕ್ಷಕರು 19 ಮಂದಿ. (ಅವರಿಗೆ ಮನೆಯಲ್ಲಿ ಬಾಗಿಲು ತೆಗೆದವರ ಮುಖ ನನ್ನ ಕಣ್ಣಿಗೆ ಕಟ್ಟುತ್ತದೆ!) ಕೊನೆಯ ಇನಿಂಗ್ಸ್ ಆಡಿದ್ದು ಜೂನ್‌ನಲ್ಲಿ.

1995ರ ಸೆಪ್ಟೆಂಬರ್ 6ರಂದು ಅವನ ಸತತ 2,131ನೆಯ ಪಂದ್ಯ. ಲೂ ಗೆಹ್ರಿಗ್‌ನ 56 ವರ್ಷದ ದಾಖಲೆ ಮುರಿಯಿತು. ಆಟ ನಿಲ್ಲಿಸಿ 22 ನಿಮಿಷ ಚಪ್ಪಾಳೆ. ನಾವು ದಿನಾ ಒಲೆ ಹಚ್ಚಿದ್ದಕ್ಕೆ ಲೆಕ್ಕ ಇಟ್ಟವರು ಯಾರು ಬಿಡಿ.

ನನಗೆ ಮೆಚ್ಚಿಗೆಯಾದದ್ದು ಇನ್ನೊಂದು ರಾತ್ರಿ, 1998ರ ಸೆಪ್ಟೆಂಬರ್ 20. ಆಟಕ್ಕೆ ಮುಂಚೆ ಮ್ಯಾನೇಜರ್ ಬಳಿ ಹೋಗಿ, ಇವತ್ತು ತಾನು ಆಡುವುದಿಲ್ಲವೆಂದ. ಯಾರೂ ಕೂರಿಸಲಿಲ್ಲ, ತಾನೇ ಕೂತ. ಲೆಕ್ಕ 2,632ಕ್ಕೆ ನಿಂತಿತು. ಮೊದಲ ಆಟಗಾರ ಔಟಾಗುತ್ತಲೇ ಎದುರಾಳಿ ಯಾಂಕೀಸ್‌ನವರೇ ಎದ್ದು ಚಪ್ಪಾಳೆ ತಟ್ಟಿದರು. ರಿಪ್ಕನ್ ಹೊರಬಂದು ಟೋಪಿ ತೆಗೆದು ವಂದಿಸಿದ.